ದುರಸ್ತಿಯ ಮೇಜು ಕಾಲೊನಿಯೊಳಗೇ ಇರಲಿ

ಪ್ರಶ್ನೆ: ನಾನು ಪೀಣ್ಯದ ಬಳಿಯ ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ನಮಗೆ ತಾಗಿಕೊಂಡೇ ಒಂದು ಕಾಲೊನಿ ಇದೆ. ಗಾರ್ಮೆಂಟ್ಸ್ ಕೆಲಸಗಾರರು, ಪೌರಕಾರ್ಮಿಕರು, ಆಟೊ ಚಾಲಕರ ಕುಟುಂಬಗಳು ಅಲ್ಲಿವೆ. ನಮ್ಮ ನಿವಾಸಿಯೊಬ್ಬರು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿ ಸುಮಾರು ಅರವತ್ತು ಹಳೆಯ ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗಳನ್ನು ಉಚಿತವಾಗಿ ಕೊಡಲು ಒಪ್ಪಿದೆ. ಅವುಗಳನ್ನು ಸರಿಪಡಿಸಿ ಕಾಲೊನಿಯ ವಿದ್ಯಾರ್ಥಿಗಳಿಗೆ ಹಂಚಬೇಕೆಂದಿದ್ದೇವೆ. ಮನೆಗಳಿಗೆ ಕೊಡುವುದೋ, ಒಂದು ಕೇಂದ್ರ ತೆರೆಯುವುದೋ? ಯಾವ ಸಾಫ್ಟ್‌ವೇರ್ ಹಾಕಬೇಕು? ಕಾನೂನಿನ ತೊಡಕೇನಾದರೂ ಇದೆಯೇ? ನಮ್ಮಲ್ಲಿ ಏಳೆಂಟು ಎಂಜಿನಿಯರುಗಳು ಶನಿವಾರ, ಭಾನುವಾರ ಸಮಯ ಕೊಡಲು ಸಿದ್ಧರಿದ್ದಾರೆ.

ಉತ್ತರ: ಮನೆಯೋ ಕೇಂದ್ರವೋ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಕಂಪನಿಯ ಲಾರಿ ನಿಮ್ಮ ಗೇಟಿನ ಒಳಗೆ ಬರುವ ಮುಂಚೆ ಒಂದು ಪಟ್ಟಿ ತರಿಸಿಕೊಳ್ಳಿ. ಪ್ರತಿ ಯಂತ್ರದ ಮಾದರಿ, ಪ್ರೊಸೆಸರ್‌ನ ಪೂರ್ತಿ ಸಂಖ್ಯೆ, ರ‍್ಯಾಮ್ ಎಷ್ಟು, ಒಳಗೆ ಡಿಸ್ಕ್ ಇದೆಯೇ, ಚಾರ್ಜರ್ ಇದೆಯೇ ಎಂಬುದು ಅದರಲ್ಲಿ ಇರಬೇಕು. ‘ಐ5’ ಎಂದಷ್ಟೇ ಬರೆದು ಕಳುಹಿಸಿದರೆ ಒಪ್ಪಬೇಡಿ. ಐ5-7200ಯು ಎಂದರೆ ಏಳನೆಯ ಪೀಳಿಗೆ, ಐ5-8250ಯು ಎಂದರೆ ಎಂಟನೆಯದು. ಮುಂದೆ ಹೇಳುವ ಹಾಗೆ ಈ ಒಂದು ಅಂಕಿಯ ವ್ಯತ್ಯಾಸದಿಂದ ಆ ಯಂತ್ರದ ಬಳಕೆಯೇ ಬದಲಾಗುತ್ತದೆ.

ಪಟ್ಟಿ ಬಂದ ಮೇಲೆ ಕೆಲವನ್ನು ಬೇಡ ಎನ್ನಿ. ದಾನಕ್ಕೆ ಬಂದದ್ದನ್ನು ಬೇಡ ಎನ್ನುವುದು ನಮ್ಮ ಜನಕ್ಕೆ ಬಹಳ ಕಷ್ಟ, ಸಂಕೋಚ ಅಡ್ಡ ಬರುತ್ತದೆ. ಆದರೆ ಇಂಥ ಯೋಜನೆಗಳು ಹಾಳಾಗುವುದು ಇಲ್ಲಿಂದಲೇ. ಗೂಡಂಗಡಿಯಷ್ಟು ಜಾಗದ ಮನೆಗೆ ನೀವು ಕೊಡುವ ಕಂಪ್ಯೂಟರ್ ಆ ಕುಟುಂಬದ ಮೊದಲ ಕಂಪ್ಯೂಟರ್. ಅದು ಐದು ನಿಮಿಷ ಕಾಯಿಸಿ ಆನ್ ಆದರೆ, ಪದೇ ಪದೇ ನಿಂತುಹೋದರೆ, ‘ಯಂತ್ರ ಹಳೆಯದು’ ಎಂದು ಆ ಮಗು ಅಂದುಕೊಳ್ಳುವುದಿಲ್ಲ. ‘ಇದು ನನಗೆ ಬರುವ ವಿದ್ಯೆಯಲ್ಲ’ ಎಂದುಕೊಳ್ಳುತ್ತದೆ. ಹೋಲಿಸಿ ನೋಡಲು ಅದರ ಹತ್ತಿರ ಇನ್ನೊಂದು ಯಂತ್ರವಿಲ್ಲ. ಹಾಗಾಗಿ ನಿಮ್ಮ ಮಕ್ಕಳು ಪರೀಕ್ಷೆಯ ವರ್ಷದಲ್ಲಿ ಅದನ್ನೇ ಬಳಸಲು ನೀವು ಒಪ್ಪುತ್ತೀರಾ ಎಂದು ಕೇಳಿಕೊಳ್ಳಿ. ಒಪ್ಪದ ಯಂತ್ರ ಕಾಲೊನಿಗೆ ಹೋಗಬಾರದು. ಅರವತ್ತರಲ್ಲಿ ನಲವತ್ತು ನಿಂತರೂ ಅದು ಒಳ್ಳೆಯ ಫಸಲು. ಉಳಿದ ಇಪ್ಪತ್ತರಲ್ಲಿ ಬೇಡ ಎನ್ನದೆ ತಂದವುಗಳ ರ‍್ಯಾಮ್, ಚಾರ್ಜರ್, ಪರದೆ, ಕೀಬೋರ್ಡ್ ಬಿಚ್ಚಿ ಆ ನಲವತ್ತನ್ನು ಬಲಪಡಿಸಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವಾಗ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆಯುವುದಕ್ಕಿಂತ ಇದು ಎಷ್ಟೋ ಮೇಲು.

ಯಾವುದನ್ನು ಕಣ್ಣು ಮುಚ್ಚಿ ತಿರಸ್ಕರಿಸಬೇಕು? ದಪ್ಪ ಗಾಜಿನ ಹಳೆಯ ಮಾನಿಟರುಗಳನ್ನು ಮುಟ್ಟಲೇಬೇಡಿ. ಆ ಗಾಜಿನಲ್ಲಿ ಸೀಸವಿದೆ, ಒಮ್ಮೆ ತೆಗೆದುಕೊಂಡರೆ ವಿಲೇವಾರಿಯ ತಲೆನೋವು ನಿಮ್ಮದು. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿರುವ ಲ್ಯಾಪ್‌ಟಾಪ್‌ಗಳನ್ನು ಕಂಪನಿಯವರೇ ಬ್ಯಾಟರಿ ತೆಗೆಸಿ ಕೊಡಲಿ, ಉಬ್ಬಿದ ಲಿಥಿಯಂ ಬ್ಯಾಟರಿ ಚುಚ್ಚಿಕೊಂಡರೆ ಬೆಂಕಿ ಹೊತ್ತಿಕೊಳ್ಳುತ್ತದೆ. 4 ಜಿ.ಬಿ. ರ‍್ಯಾಮ್‌ಗಿಂತ ಮೇಲೆ ಏರಿಸಲಾಗದ ಯಂತ್ರಗಳು, ಹಳೆಯ ಕಾಲದ 32 ಬಿಟ್ ಪ್ರೊಸೆಸರುಗಳು ಬೇಡ. 2025ರ ಆಗಸ್ಟ್‌ನಲ್ಲಿ ಬಂದ, ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 13ರಿಂದ 32 ಬಿಟ್ ಪಿ.ಸಿ.ಗಳಿಗೆ ಅನುಸ್ಥಾಪನೆಯ ಆವೃತ್ತಿಯೇ ಇಲ್ಲ. ಹಳೆಯ ಯಂತ್ರಗಳನ್ನು ಕೊನೆಯವರೆಗೂ ಕೈಬಿಡದೆ ಸಾಕಿದ್ದ ಡೆಬಿಯನ್ ಅಂಥದ್ದೇ ಬಿಟ್ಟ ಮೇಲೆ ನೀವು ಹಿಡಿದುಕೊಂಡು ಏನು ಪ್ರಯೋಜನ?

ಇನ್ನೊಂದು ವಿಷಯ, ಬೀಗದ್ದು. ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆಗೆ ಸೇರಿಸಿರುತ್ತವೆ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರೂ, ಇಂಟರ್‌ನೆಟ್ ಸಿಕ್ಕ ಕೂಡಲೇ ‘ಈ ಯಂತ್ರ ಇಂಥ ಸಂಸ್ಥೆಗೆ ಸೇರಿದ್ದು, ಕಚೇರಿಯ ಖಾತೆಯಿಂದ ಒಳಗೆ ಬನ್ನಿ’ ಎಂಬ ಪರದೆ ಎದ್ದು ನಿಲ್ಲುತ್ತದೆ. ಮೈಕ್ರೋಸಾಫ್ಟ್‌ನ ಆಟೋಪೈಲಟ್ ಮಾಡುವುದು ಇದನ್ನೇ, ಆ್ಯಪಲ್ ಯಂತ್ರಗಳಲ್ಲೂ ಇಂಥದೊಂದು ಬೀಗವಿದೆ. ಬಯೋಸ್‌ಗೆ (ಯಂತ್ರ ಆನ್ ಆಗುವಾಗ ಮೊದಲು ಓಡುವ ಒಳ ತಂತ್ರಾಂಶ) ಪಾಸ್‌ವರ್ಡ್ ಹಾಕಿದ್ದರಂತೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲೂ ಬಿಡದಿರಬಹುದು. ಇವನ್ನು ಬಿಡಿಸುವ ಅಧಿಕಾರ ಕಂಪನಿಯ ಐ.ಟಿ. ವಿಭಾಗಕ್ಕೆ ಮಾತ್ರ ಇದೆ, ಅದೂ ಯಂತ್ರದ ಕ್ರಮಸಂಖ್ಯೆ ಅವರ ಪಟ್ಟಿಯಲ್ಲಿ ಇರುವ ತನಕ. ಆರು ತಿಂಗಳು ಬಿಟ್ಟು ಕೇಳಿದರೆ ಆ ಪಟ್ಟಿ ನೋಡುತ್ತಿದ್ದವರು ಬೇರೆ ಕಡೆ ಹೋಗಿರುತ್ತಾರೆ. ಆದ್ದರಿಂದ ಬೀಗಗಳೆಲ್ಲ ತೆಗೆದಿವೆ ಎಂದು ಕ್ರಮಸಂಖ್ಯೆಗಳ ಸಮೇತ ಬರೆದ ಪತ್ರ ಯಂತ್ರಗಳ ಜೊತೆಗೇ ಬರಬೇಕು.

ಮಾಹಿತಿ ಅಳಿಸುವುದರ ಬಗ್ಗೆ ನೀವು ಕೇಳಿಲ್ಲ. ಕಂಪನಿಯ ಕಾನೂನು ವಿಭಾಗ ಕೇಳುವ ಮೊದಲ ಮಾತೇ ಅದಾಗಿರುತ್ತದೆ. ಫೈಲ್ ಡಿಲೀಟ್ ಮಾಡುವುದರಿಂದಾಗಲಿ, ಸಾಮಾನ್ಯ ಫಾರ್ಮ್ಯಾಟ್‌ನಿಂದಾಗಲಿ ಡಿಸ್ಕ್‌ನಲ್ಲಿರುವುದು ಹೋಗುವುದಿಲ್ಲ, ಅದರ ವಿಳಾಸ ಮಾತ್ರ ಹೋಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಎನ್‌ವೈಪ್ ಎಂಬ ಉಚಿತ ತಂತ್ರಾಂಶದಿಂದ ಆದಿಯಿಂದ ಅಂತ್ಯದವರೆಗೆ ಹಳೆಯದರ ಮೇಲೆ ಒಮ್ಮೆ ಹೊಸದನ್ನು ಬರೆದರೆ ಸಾಕು, ಏಳು ಸಲ ಮಾಡಬೇಕೆಂಬುದು ಹಳೆಯ ಕಾಲದ ನಂಬಿಕೆ. ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಬರೆಯುವ ಡಿಸ್ಕ್) ಇದು ಸಾಲದು. ಸವೆತ ಎಲ್ಲ ಕಡೆ ಸಮನಾಗಲೆಂದು ಅದು ಮಾಹಿತಿಯನ್ನು ಒಳಗೊಳಗೇ ಬೇರೆ ಬೇರೆ ಕಡೆ ಬರೆಯುತ್ತದೆ, ನಾವು ಮೇಲೆ ಬರೆದದ್ದು ಹಳೆಯ ಜಾಗದ ಮೇಲೇ ಬಿತ್ತೆಂಬ ಖಾತ್ರಿ ಇಲ್ಲ. ಅದಕ್ಕೆ ಡ್ರೈವ್‌ನೊಳಗೇ ಇರುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನೇ ಬಳಸಬೇಕು, ಎಷ್ಟೋ ಕಚೇರಿ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೇ ಅದು ಸಿಗುತ್ತದೆ. ಈ ಕೆಲಸ ಕಂಪನಿಯ ಆವರಣದಲ್ಲೇ, ಅವರ ಕಣ್ಣೆದುರೇ ಮುಗಿಯಲಿ. ಅಳಿಸದ ಒಂದು ಡಿಸ್ಕ್ ಕೂಡ ನಿಮ್ಮ ಸಂಘದ ಹೊಸ್ತಿಲು ದಾಟಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಹಳ ಕಂಪನಿಗಳು ಭಯದಿಂದ ಡಿಸ್ಕ್ ಕಿತ್ತುಕೊಂಡು ಬರೀ ಯಂತ್ರ ಕೊಡುತ್ತವೆ. ಹಾಗೆ ಮಾಡಿದರೆ ಬೇಸರಪಡಬೇಡಿ, ಪ್ರತಿ ಯಂತ್ರಕ್ಕೂ ಒಂದು ಹೊಸ ಎಸ್‌ಎಸ್‌ಡಿ ಕೊಡಿಸಿ ಎಂದು ಕೇಳಿ. ಅವರ ಭಯವೂ ಹೋಗುತ್ತದೆ, ನಿಮ್ಮ ಯಂತ್ರಕ್ಕೆ ಹೊಸ ಜೀವವೂ ಬರುತ್ತದೆ.

ಕಾನೂನಿನ ತೊಡಕು ಇದೆಯೇ ಎಂದಿರಿ. ಎರಡು ಕಡೆ ನೋಡಿಕೊಳ್ಳಬೇಕು. ಮೊದಲನೆಯದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು. ಹಳೆಯ ಉಪಕರಣವನ್ನು ದುರಸ್ತಿ ಮಾಡಿ ಮಾರುಕಟ್ಟೆಯಲ್ಲಿ ಮಾರುವವರು ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ವರ್ಷದಲ್ಲಿ ಸಾವಿರ ಅಥವಾ ಹೆಚ್ಚು ಉಪಕರಣ ಬಳಸುವ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತರಿಗೆ ಮಾತ್ರ ಕೊಡಬೇಕು. ನೀವು ಮಾರುವವರಲ್ಲ, ನಿಮಗೆ ಬರುವುದು ತ್ಯಾಜ್ಯವೂ ಆಗಬಾರದು. ಆದ್ದರಿಂದ ಕಂಪನಿಯ ಪತ್ರದಲ್ಲಿ ‘ಬಳಕೆಗೆ ಯೋಗ್ಯವಾದ ಉಪಕರಣಗಳ ದಾನ’ ಎಂಬ ಮಾತು ಸ್ಪಷ್ಟವಾಗಿರಲಿ. ಕೆಟ್ಟವನ್ನು ಬೇಡ ಎನ್ನಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ: ಅರ್ಧಕ್ಕರ್ಧ ಕೆಟ್ಟ ಯಂತ್ರಗಳ ರಾಶಿಯನ್ನು ದಾನ ಎಂದು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಅನುಮಾನ ಉಳಿದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಉಳಿಯುವ ಬೋರ್ಡ್, ತಂತಿ, ಬ್ಯಾಟರಿಗಳು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ತೂಕದ ಮೇಲೆ ದುಡ್ಡು ಕೊಡುತ್ತಾರೆಂದು ಗುಜರಿಗೆ ಹಾಕಿದರೆ, ಆ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ, ತಂತಿ ಸುಟ್ಟು ತಾಮ್ರ ತೆಗೆಯುವ ಕೈಗಳೂ ಇಂಥದ್ದೇ ಕಾಲೊನಿಯ ಮಕ್ಕಳದ್ದಾಗಿರುತ್ತವೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಲೆಕ್ಕಕ್ಕೆ ಸಿಕ್ಕ ಕ್ರಮಬದ್ಧ ಮರುಬಳಕೆ ಅದರಲ್ಲಿ ಕಾಲು ಭಾಗವೂ ಇಲ್ಲ.

ಎರಡನೆಯದು ಬೆಂಗಳೂರಿನಲ್ಲಿ ವಿಶೇಷವಾಗಿ ಎದುರಾಗುವಂಥದ್ದು, ಬಹಳ ಮಂದಿಗೆ ಗೊತ್ತಿಲ್ಲ. ಕಂಪನಿ ಸಾಫ್ಟ್‌ವೇರ್ ರಫ್ತುದಾರರಿಗಾಗಿ ಇರುವ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಡಿ ಸೀಮಾಸುಂಕ ಕಟ್ಟದೆ ಈ ಯಂತ್ರಗಳನ್ನು ತರಿಸಿದ್ದರೆ, ಅವನ್ನು ಇಷ್ಟ ಬಂದವರಿಗೆ ಕೊಡುವಂತಿಲ್ಲ. ಎರಡು ವರ್ಷ ಕಳೆದ ಮೇಲೆ ಲಾಭದ ಉದ್ದೇಶವಿಲ್ಲದ ಮಾನ್ಯ ಶಿಕ್ಷಣ ಸಂಸ್ಥೆ, ಸಾರ್ವಜನಿಕ ಗ್ರಂಥಾಲಯ, ನೋಂದಾಯಿತ ಧರ್ಮಾರ್ಥ ಆಸ್ಪತ್ರೆ, ಸರ್ಕಾರಿ ಸಂಸ್ಥೆಯಂಥವಕ್ಕೆ ಸುಂಕವಿಲ್ಲದೆ ದಾನ ಮಾಡಲು ಅವಕಾಶವಿದೆ. ಖಾಸಗಿ ಮನೆಗಳು, ನಿವಾಸಿಗಳ ಸಂಘ ಆ ಪಟ್ಟಿಯಲ್ಲಿ ಇಲ್ಲ. ಕಂಪನಿಯ ಹಣಕಾಸು ವಿಭಾಗವನ್ನು ಮೊದಲೇ ಕೇಳಿ. ಹೌದು ಎಂದರೆ ಆ ಯಂತ್ರಗಳು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಲಿ, ಸುಂಕ ಕಟ್ಟಿ ತಂದವು ಮನೆಗಳಿಗೆ ಬರಲಿ.

ಈಗ ದುರಸ್ತಿ. ಇದರಲ್ಲಿ ನಿಮ್ಮ ಎಂಜಿನಿಯರುಗಳಿಗೆ ಕಲಿಸುವಷ್ಟು ಏನೂ ಇಲ್ಲ, ಕ್ರಮ ತಪ್ಪದಂತೆ ನೋಡಿಕೊಂಡರೆ ಆಯಿತು. ಮೊದಲು ಬ್ಲೋವರ್‌ನಿಂದ ಧೂಳು ತೆಗೆಯಿರಿ, ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡೇ ಊದಬೇಕು. ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಬಿಸಿಯಾಗಿ ತಾನೇ ನಿಧಾನವಾಗುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತವೆ. ಡೆಸ್ಕ್‌ಟಾಪ್‌ಗಳಲ್ಲಿ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ತಪ್ಪದೆ ಬದಲಿಸಿ. ಅದು ಸತ್ತಿದ್ದರೆ ಪ್ರತಿ ಸಲ ದಿನಾಂಕ ಹಿಂದಕ್ಕೆ ಹೋಗುತ್ತದೆ, ದಿನಾಂಕ ತಪ್ಪಿದ್ದರೆ ಸರ್ಕಾರಿ ಪೋರ್ಟಲ್ಲೂ ತೆರೆಯದು, ಬ್ಯಾಂಕಿನದೂ ತೆರೆಯದು. ಬಳಸುವ ಹುಡುಗಿ ಇಂಟರ್‌ನೆಟ್ಟೇ ಕೆಟ್ಟಿದೆ ಎಂದು ತಿಳಿದು ಸುಮ್ಮನಾಗುತ್ತಾಳೆ. ಇಪ್ಪತ್ತು ಮೂವತ್ತು ರೂಪಾಯಿಯ ಬ್ಯಾಟರಿ ಉಳಿಸಲು ಹೋಗಿ ಹಾಗಾಗಬಾರದು. ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಲಿ. ಹಳೆಯ ಹಾರ್ಡ್ ಡಿಸ್ಕ್ ಎಷ್ಟು ಚೆನ್ನಾಗಿದ್ದರೂ ಅದರ ಮೇಲೆ ಆಪರೇಟಿಂಗ್ ಸಿಸ್ಟಂ ಹಾಕಬೇಡಿ, ಎಸ್‌ಎಸ್‌ಡಿ ಹಾಕಿ. ಇರುವ ದುಡ್ಡಿನಲ್ಲಿ ಒಂದೇ ಒಂದು ವಸ್ತು ಕೊಳ್ಳಲು ಸಾಧ್ಯವಿದ್ದರೆ ಅದು ಎಸ್‌ಎಸ್‌ಡಿಯೇ ಆಗಿರಲಿ. ರ‍್ಯಾಮ್ 8 ಜಿ.ಬಿ. ಇದ್ದರೆ ನೆಮ್ಮದಿ. ಈಗಿನ ಕಾಲದಲ್ಲಿ ಯಂತ್ರವನ್ನು ಬಗ್ಗಿಸುವುದು ಆಪರೇಟಿಂಗ್ ಸಿಸ್ಟಂ ಅಲ್ಲವೇ ಅಲ್ಲ, ಹತ್ತು ಟ್ಯಾಬ್ ತೆರೆದ ಬ್ರೌಸರ್.

ಚಾರ್ಜರ್ ವಿಷಯದಲ್ಲಿ ಮಾತ್ರ ಕಂಜೂಸಿತನ ಬೇಡ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಚಾರ್ಜರ್ ತಮ್ಮದೇ ಎಂದು ಗುರುತು ಸಿಕ್ಕದಿದ್ದರೆ ಬ್ಯಾಟರಿಗೆ ವಿದ್ಯುತ್ ಹರಿಸುವುದಿಲ್ಲ, ಪ್ರೊಸೆಸರ್ ವೇಗವನ್ನೂ ತಗ್ಗಿಸುತ್ತವೆ. ಅಗ್ಗದ ನಕಲಿ ಚಾರ್ಜರ್‌ಗಳ ಅಪಾಯ ಇಕ್ಕಟ್ಟಿನ ಮನೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಇನ್ನೂ ಹೆಚ್ಚು. ಅರವತ್ತು ಯಂತ್ರಗಳಲ್ಲಿ ಒಂದೇ ಮಾದರಿಯವು ಹೆಚ್ಚು ಸಿಗುವಂತೆ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಒಂದೇ ಚಾರ್ಜರ್, ಒಂದೇ ಕೀಬೋರ್ಡ್, ಒಂದೇ ರೀತಿಯ ಸ್ಕ್ರೂ. ಮೂರು ವರ್ಷದ ನಂತರ ಒಂದು ಸತ್ತರೆ ಅದರ ಭಾಗಗಳು ಇನ್ನೊಂದನ್ನು ಬದುಕಿಸುತ್ತವೆ.

ಸಾಫ್ಟ್‌ವೇರ್ ಆಯ್ಕೆಯನ್ನು ಬಹುಪಾಲು ಕಾಲವೇ ಮಾಡಿಬಿಟ್ಟಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಿಮಗೆ ಸಿಗುತ್ತಿರುವ ಯಂತ್ರಗಳು ಸಿಗುತ್ತಿರುವುದೇ ಬಹುಶಃ ಈ ಕಾರಣಕ್ಕೆ. ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕುವ ವಿಧಾನಗಳನ್ನು ನಿಮ್ಮ ಎಂಜಿನಿಯರುಗಳು ಬಲ್ಲರು. ದಯವಿಟ್ಟು ಮಾಡಬೇಡಿ. ಮುಂದೊಂದು ದಿನ ಅಪ್‌ಡೇಟ್ ನಿಂತರೆ ಆ ಮನೆಯಲ್ಲಿ ಕೇಳುವವರಿಲ್ಲ. ಏಳನೆಯ ಪೀಳಿಗೆ ಮತ್ತು ಅದಕ್ಕಿಂತ ಹಳೆಯವಕ್ಕೆ ಲಿನಕ್ಸ್‌ನ ಇನ್ನೊಂದು ಬಗೆಯಾದ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳಿವೆ. ವೈರಸ್ ಕಾಟ ಕಡಿಮೆ, ಪರವಾನಗಿಯ ಗೋಜಿಲ್ಲ. ಅಂದ ಹಾಗೆ, ಕಂಪನಿಯ ಸಗಟು ವಿಂಡೋಸ್ ಪರವಾನಗಿ ಯಂತ್ರದ ಜೊತೆ ದಾನವಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಲಿನಕ್ಸ್ ಎಂದರೆ ಬಡವರಿಗೆ ಕೊಡುವ ಎರಡನೇ ದರ್ಜೆಯ ವಸ್ತು ಎಂದು ಯಾರಾದರೂ ನಿಮ್ಮ ಸಭೆಯಲ್ಲಿ ಹೇಳಿಯಾರು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ವರ್ಷಗಳಿಂದ ಕಲಿಯುತ್ತಿರುವುದು ಸ್ವತಂತ್ರ ತಂತ್ರಾಂಶದಲ್ಲೇ, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ತಂತ್ರಾಂಶದಲ್ಲೇ. ನಮ್ಮ ಬೆಂಗಳೂರಿನಲ್ಲೇ ಸುದರ್ಶನ ಲೇಔಟ್ ಕೊಳೆಗೇರಿಯ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರ ಜೊತೆ ಅಲ್ಲಿನ ಮಕ್ಕಳು ಗ್ನೂ/ಲಿನಕ್ಸ್ ಕಲಿತು, ಗಿಂಪ್‌ನಲ್ಲಿ ಚಿತ್ರ ಬಿಡಿಸಿದರು. ಆ ಕೇಂದ್ರದ ಕತೆ ಸ್ವತಂತ್ರ ತಂತ್ರಾಂಶ ರೂಪಿಸುವ ಗ್ನೂ ಯೋಜನೆಯ ಶಿಕ್ಷಣ ಪುಟಗಳಲ್ಲಿ ಉದಾಹರಣೆಯಾಗಿ ದಾಖಲಾಗಿದೆ. ಆದರೆ ಹಟ ಬೇಡ. ಬಿ.ಕಾಂ. ಓದುವವರಿಗೆ ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬೇಕು, ಅದು ವಿಂಡೋಸ್‌ನ ಮೇಲೆ ನಡೆಯುವಂಥದ್ದು. ಕೆಲವು ನೇಮಕಾತಿ ಪರೀಕ್ಷೆಗಳ ನಿಗಾ ತಂತ್ರಾಂಶವೂ ವಿಂಡೋಸನ್ನೇ ಕೇಳುತ್ತದೆ. ಎಂಟನೆಯ ಪೀಳಿಗೆಯ ಯಂತ್ರಗಳನ್ನು ಅದಕ್ಕಾಗಿ ತೆಗೆದಿಟ್ಟು ಕ್ರಮಬದ್ಧ ಪರವಾನಗಿಯೊಡನೆ ವಿಂಡೋಸ್ 11 ಹಾಕಿ. ಯಾರು ಏನು ಓದುತ್ತಿದ್ದಾರೆ ಎಂದು ಕೇಳಿ ಕೊಡಿ.

ಕನ್ನಡವನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಮಿಂಟ್‌ನಲ್ಲಿ ಕೀಬೋರ್ಡ್ ವಿನ್ಯಾಸಗಳ ಪಟ್ಟಿಯೊಳಗೇ ಕನ್ನಡದ ಕಗಪ ವಿನ್ಯಾಸ ಇದೆ, ಬೇರೆ ತಂತ್ರಾಂಶ ಬೇಡ. ನುಡಿ ತಂತ್ರಾಂಶದಲ್ಲಿ ಟೈಪಿಸಿ ಕೈ ಕೂತವರಿಗೆ ಅದು ಹೊಸದೆನಿಸುವುದಿಲ್ಲ. ನೋಟೊ, ಗುಬ್ಬಿ, ನವಿಲು ಅಕ್ಷರಶೈಲಿಗಳನ್ನು ಹಾಕಿ. ಹಳೆಯ ನುಡಿ ಕಡತಗಳು ಈಗಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತನೆಯಾಗದೆ ಓದಲು ಬಾರವು, ಪರಿವರ್ತಕವೊಂದನ್ನೂ ಇಡಿ. ಪ್ರತಿ ಯಂತ್ರದ ಕೀಬೋರ್ಡ್ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿ. ಇಂಟರ್‌ನೆಟ್ ಇಲ್ಲದ ಹೊತ್ತಿಗೆ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯ, ರಾಜ್ಯ ಪಠ್ಯಪುಸ್ತಕಗಳ ಪಿಡಿಎಫ್‌ಗಳನ್ನು ಡಿಸ್ಕ್‌ನಲ್ಲೇ ತುಂಬಿಡಿ. ಈ ಮನೆಗಳ ಇಂಟರ್‌ನೆಟ್ ಎಂದರೆ ಅಮ್ಮನ ಮೊಬೈಲ್‌ನ ಹಾಟ್‌ಸ್ಪಾಟ್, ದಿನದ ಡೇಟಾ ಮುಗಿದರೆ ಅವತ್ತಿಗೆ ಮುಗಿಯಿತು. ಆದ್ದರಿಂದ ಅಪ್‌ಡೇಟ್‌ಗಳು ತಮ್ಮಷ್ಟಕ್ಕೆ ತಾವೇ ಇಳಿಯದಂತೆ ಮಾಡಿ, ವಾರಕ್ಕೊಮ್ಮೆ ಕೇಂದ್ರದ ವೈಫೈನಲ್ಲಿ ಹಾಕಿಸಿಕೊಳ್ಳುವ ಅಭ್ಯಾಸ ಮಾಡಿಸಿ.

ಹಾಗಾದರೆ ಕೇಂದ್ರವೂ ಬೇಕೇ? ಬೇಕು. ಲ್ಯಾಪ್‌ಟಾಪ್ ಮನೆಗೆ, ಡೆಸ್ಕ್‌ಟಾಪ್ ಕೇಂದ್ರಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 80 ವ್ಯಾಟ್ ಎನ್ನಿ. ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ ಒಂಬತ್ತೂವರೆ ಯೂನಿಟ್ ದಾಟುತ್ತದೆ. 30 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್‌ಗೆ ಮೂರೂವರೆ ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಒಂದೊಂದು ಮನೆಯ ಮಿತಿ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ, ಮಿತಿ ದಾಟಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ಈಗಾಗಲೇ ಮಿತಿಯ ಅಂಚಿನಲ್ಲಿರುವ ಮನೆಗೆ ಹತ್ತು ಯೂನಿಟ್ ಹೊರೆಯೇ. ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಮೊತ್ತ ಕಂಡ ತಿಂಗಳೇ ಆ ಡೆಸ್ಕ್‌ಟಾಪ್ ಮೇಲೆ ಬಟ್ಟೆ ಹೊದಿಸಿಡುತ್ತಾರೆ. ಜಾಗವೂ ಇಲ್ಲ, ಒಗ್ಗರಣೆಯ ಹೊಗೆ, ಜಿರಳೆ, ಸೋರುವ ಸೂರು ಬೇರೆ. ಲ್ಯಾಪ್‌ಟಾಪ್ ಆದರೆ ರಾತ್ರಿ ಟ್ರಂಕಿನೊಳಗೆ ಹೋಗುತ್ತದೆ, ಕರೆಂಟ್ ಹೋದರೂ ಒಂದು ಗಂಟೆ ನಡೆಯುತ್ತದೆ. ಅದಕ್ಕೇ ಮೂಲ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ಉಳಿದಿರುವ ಬ್ಯಾಟರಿಗಳನ್ನು ಮನೆಗೆ ಕೊಡುವ ಯಂತ್ರದಲ್ಲಿ ಇಡಬೇಡಿ.

ಯಂತ್ರವನ್ನು ಎರವಲು ಕೊಡಬೇಡಿ, ಕೊಟ್ಟುಬಿಡಿ. ವಾಪಸು ಕೇಳುತ್ತಾರೆಂಬ ಹೆದರಿಕೆಯಲ್ಲಿ ಇರುವ ಮನೆಯಲ್ಲಿ ಮಕ್ಕಳು ಅದನ್ನು ಮುಟ್ಟಲು ಬಿಡುವುದಿಲ್ಲ. ಕ್ರಮಸಂಖ್ಯೆ ಇರುವ ಒಂದು ಪತ್ರ ವಿದ್ಯಾರ್ಥಿಯ ಹೆಸರಿನಲ್ಲಿರಲಿ, ಜೊತೆಗೆ ತಾಯಿಯ ಸಹಿ ಇರಲಿ. ಹೆಸರು, ಸಹಿಯನ್ನು ನಾನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ: ಮನೆಯಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇದ್ದರೆ ಯಂತ್ರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಅದು ಯಾರ ಹೆಸರಿನಲ್ಲಿ ಬಂತು ಎಂಬುದರ ಮೇಲೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಪಿಯುಸಿ, ಡಿಪ್ಲೊಮಾ, ಪದವಿ ಓದುವ ಹೆಣ್ಣುಮಕ್ಕಳಿಂದ ಆರಂಭಿಸಿ.

ಕೇಂದ್ರದ ವೇಳೆಯನ್ನು ಕಾಲೊನಿಯ ವೇಳೆಗೆ ಹೊಂದಿಸಿ. ಗಾರ್ಮೆಂಟ್ಸ್‌ನಿಂದ ಬಂದು ಅಡುಗೆ ಮುಗಿಸುವ ಹೆಣ್ಣುಮಗಳು ಏಳೂವರೆಗೆ ಮುಂಚೆ ಬರಲಾರಳು. ಪೌರಕಾರ್ಮಿಕರ ದಿನ ಬೆಳಗಿನ ಜಾವಕ್ಕೇ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು ಎಂದು ಬೋರ್ಡ್ ಹಾಕಿದರೆ ಬರುವವರು ಯಾರು? ಕಲಿಸುವುದಕ್ಕೂ ‘ಕಂಪ್ಯೂಟರ್ ಎಂದರೇನು’ ಎಂಬಲ್ಲಿಂದ ಹೊರಡಬೇಡಿ. ಅವರಿಗೆ ತಕ್ಷಣ ಬೇಕಾದ ಕೆಲಸದಿಂದ ಹೊರಡಿ. ವಿದ್ಯಾರ್ಥಿವೇತನದ ಪೋರ್ಟಲ್‌ಗೆ ಅರ್ಜಿ ಹಾಕುವುದು, ನಾಡಕಚೇರಿಯ ಜಾಲತಾಣದಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಭಾವಚಿತ್ರವನ್ನು ಕೇಳಿದಷ್ಟೇ ಕೆ.ಬಿ.ಗೆ ಇಳಿಸುವುದು, ಡಿಜಿಲಾಕರ್‌ನಿಂದ ಅಂಕಪಟ್ಟಿ ತೆಗೆಯುವುದು, ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಎಂದು ತಿಳಿಯುವುದು. ಇವಕ್ಕೆಲ್ಲ ಈಗ ಅವರು ಸೈಬರ್ ಅಂಗಡಿಯಲ್ಲಿ ಪ್ರತಿ ಸಲ ದುಡ್ಡು ತೆರುತ್ತಾರೆ, ಒಟಿಪಿಯನ್ನೂ ಅಂಗಡಿಯವನಿಗೇ ಹೇಳುತ್ತಾರೆ. ತಮ್ಮ ಅರ್ಜಿ ತಾವೇ ಹಾಕಿದ ದಿನ ಆ ದುಡ್ಡೂ ಉಳಿಯಿತು, ಒಟಿಪಿಯೂ ಉಳಿಯಿತು. ಕೇಂದ್ರದ ಯಂತ್ರಗಳಲ್ಲಿ ಮಾತ್ರ ಅತಿಥಿ ಖಾತೆ ಇರಲಿ, ಎದ್ದುಹೋದ ಕೂಡಲೇ ಒಬ್ಬರ ಆಧಾರ್, ಇನ್ನೊಬ್ಬರ ಪಾಸ್‌ಬುಕ್ ಎಲ್ಲ ಅಳಿಸಿಹೋಗಬೇಕು. ಮಿಂಟ್‌ನಲ್ಲಿ ಲಾಗಿನ್ ಆಯ್ಕೆಗಳೊಳಗೆ ಇದನ್ನು ಚಾಲೂ ಮಾಡಬಹುದು.

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು 23.4%, ಹಳ್ಳಿಗಳಲ್ಲಿ 4.4%. ಆ ನಗರದ ಅಂಕಿಯೊಳಗೆ ನಿಮ್ಮ ಬಡಾವಣೆಯೂ ಇದೆ, ಗೋಡೆಯಾಚೆಯ ಕಾಲೊನಿಯೂ ಇದೆ. ಮೊಬೈಲ್ ಈಗ ಎಲ್ಲರ ಕೈಯಲ್ಲೂ ಇದೆಯಲ್ಲ ಎನ್ನುವವರಿಗೆ ನಾನು ಹೇಳುವುದಿಷ್ಟು: ಮೊಬೈಲ್‌ನಲ್ಲಿ ನೋಡಬಹುದು, ಕೇಳಬಹುದು, ದುಡ್ಡು ಕಳಿಸಬಹುದು. ಹತ್ತು ಪುಟದ ಪ್ರಾಜೆಕ್ಟ್ ವರದಿ ಬರೆಯಲು, ಲೆಕ್ಕದ ಹಾಳೆ ತುಂಬಲು, ಪ್ರೋಗ್ರಾಂ ಬರೆದು ಓಡಿಸಿ ನೋಡಲು ಕೀಬೋರ್ಡ್ ಬೇಕು, ದೊಡ್ಡ ಪರದೆ ಬೇಕು. ಸಂಬಳ ಬರುವ ಕೆಲಸಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವೇ.

ನಿಮ್ಮ ಏಳೆಂಟು ಎಂಜಿನಿಯರುಗಳ ಬಗ್ಗೆ ಒಂದು ಮಾತು. ಅವರ ಉತ್ಸಾಹ ನಿಜವಾದದ್ದೆಂದು ನಂಬುತ್ತೇನೆ. ಆದರೆ ಅವರಿಗೆ ಕೆಲಸದ ಗಡುವುಗಳಿವೆ, ಮಕ್ಕಳ ಪರೀಕ್ಷೆಗಳಿವೆ, ಊರು ಬದಲಾಗುವುದೂ ಇದೆ. ವರ್ಷದೊಳಗೆ ಇಬ್ಬರು ಉಳಿದರೆ ಹೆಚ್ಚು. ಯಂತ್ರಗಳು ಕೆಡಲು ಶುರುವಾಗುವುದೂ ಆಗಲೇ. ಆದ್ದರಿಂದ ದುರಸ್ತಿಯನ್ನು ನಿಮ್ಮ ಕ್ಲಬ್‌ಹೌಸ್‌ನಲ್ಲಿ ಮಾಡಿ ಮುಗಿಸಿ, ಸಿದ್ಧ ಯಂತ್ರಗಳನ್ನು ಕಾಲೊನಿಗೆ ಸಾಗಿಸುವ ಯೋಚನೆಯಿದ್ದರೆ ಕೈಬಿಡಿ. ಮೇಜನ್ನೇ ಕಾಲೊನಿಯೊಳಗೆ ಹಾಕಿ. ಸಮುದಾಯ ಭವನದ ಒಂದು ಕೋಣೆ, ಸರಿಯಾದ ಅರ್ಥಿಂಗ್ ಇರುವ ಪ್ಲಗ್‌ಗಳು, ಬೀಗವಿರುವ ಒಂದು ಕಪಾಟು, ಎರಡು ಸೆಟ್ ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್ ಇಷ್ಟರಿಂದ ಶುರುವಾಗುತ್ತದೆ. ಕಾಲೊನಿಯಲ್ಲೇ ಐಟಿಐ, ಡಿಪ್ಲೊಮಾ, ಪಿಯುಸಿ ಓದುತ್ತಿರುವ ಆರು ಮಂದಿಯನ್ನು ಆರಿಸಿಕೊಳ್ಳಿ, ಅವರಲ್ಲಿ ಮೂವರು ಹುಡುಗಿಯರಿರಲಿ. ಎಂಜಿನಿಯರುಗಳು ಮೊದಲ ಹತ್ತು ಯಂತ್ರಗಳನ್ನು ಅವರ ಎದುರು ಬಿಚ್ಚಿ ಜೋಡಿಸಿ ತೋರಿಸಲಿ, ಮುಂದಿನ ಹತ್ತನ್ನು ಪಕ್ಕದಲ್ಲಿ ಕೂತು ಅವರಿಂದಲೇ ಮಾಡಿಸಲಿ. ಉಳಿದವನ್ನು ಅವರೇ ಮಾಡಲಿ. ನಿಧಾನವಾಗುತ್ತದೆ, ಒಂದೆರಡು ಕೇಬಲ್ ಮುರಿಯುತ್ತವೆ. ಆಗಲಿ.

ಹೀಗೆ ಮಾಡಿದರೆ ಎರಡು ಲಾಭ ಇವೆ, ಬೇರೆ ಯಾವ ದಾರಿಯಲ್ಲೂ ಅವು ಸಿಗವು. ಯಂತ್ರ ಕೆಟ್ಟಾಗ ಕೇಳಲು ಮೂರನೇ ಮನೆಯ ಹುಡುಗಿಯೇ ಇರುತ್ತಾಳೆ, ಸಂಕೋಚವಿಲ್ಲದೆ ಬಾಗಿಲು ಬಡಿಯಬಹುದು. ಅಪಾರ್ಟ್‌ಮೆಂಟಿನ ಎಂಜಿನಿಯರ್‌ಗೆ ಫೋನ್ ಮಾಡಲು ಆ ತಾಯಿ ಹತ್ತು ಸಲ ಯೋಚಿಸುತ್ತಾಳೆ, ಕೊನೆಗೆ ಮಾಡುವುದೇ ಇಲ್ಲ. ಇನ್ನೊಂದು, ಆ ಆರು ಮಂದಿಗೆ ಕೈಯಲ್ಲೊಂದು ಕಸುಬು ಬಂದಿರುತ್ತದೆ. ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸಬಲ್ಲ, ಲಿನಕ್ಸ್ ಹಾಕಬಲ್ಲ, ನೆಟ್‌ವರ್ಕ್ ಎಳೆಯಬಲ್ಲ ಹುಡುಗ ಹುಡುಗಿಯರಿಗೆ ಈ ಊರಿನಲ್ಲಿ ಕೆಲಸಕ್ಕೆ ಬರವಿಲ್ಲ. ಹಂಚಿದ ಯಂತ್ರಗಳಲ್ಲಿ ಎಷ್ಟು ಒಂದು ವರ್ಷದ ಮೇಲೂ ನಡೆಯುತ್ತಿವೆ ಎಂಬ ಲೆಕ್ಕವನ್ನು ಅವರೇ ಮನೆಮನೆಗೆ ಹೋಗಿ ಬರೆದಿಡಲಿ. ನಿಮ್ಮ ಸಂಘದ ವಾರ್ಷಿಕ ವರದಿಯಲ್ಲಿ ಹಾಕಬೇಕಾದ ಅಂಕಿ ಅದು, ಹಂಚಿದ ಸಂಖ್ಯೆಯನ್ನು ಹಾಕಬೇಡಿ.

ಅವರನ್ನು ಪುಕ್ಕಟೆ ದುಡಿಸಬೇಡಿ. ಸಂಜೆ ಮೂರು ಗಂಟೆ ಮೇಜಿನ ಮುಂದೆ ಕೂರುವ ಡಿಪ್ಲೊಮಾ ವಿದ್ಯಾರ್ಥಿ ಆ ಹೊತ್ತಿಗೆ ಊಟ ತಲುಪಿಸುವ ಕೆಲಸ ಬಿಟ್ಟು ಬಂದಿರಬಹುದು. ನಿಮ್ಮ ಎಂಜಿನಿಯರುಗಳು ಕೊಡುವುದು ಬಿಡುವಿನ ವೇಳೆ, ಅವನು ಕೊಡುವುದು ಮನೆಯ ಆದಾಯ. ತಿಂಗಳಿಗಿಷ್ಟು ಎಂದು ಭತ್ಯೆ ಗೊತ್ತು ಮಾಡಿ, ಬ್ಯಾಂಕ್ ಖಾತೆಗೇ ಹಾಕಿ, ಕೆಲಸ ಕಲಿತ ಅನುಭವಪತ್ರವನ್ನೂ ಕೊಡಿ. ಕಂಪನಿಯವರು ಹಸ್ತಾಂತರ ಸಮಾರಂಭ, ಹೂಗುಚ್ಛ, ಫಲಕ, ಫೋಟೊ ಎಂದು ಖರ್ಚಿನ ಬಾಬ್ತು ಇಟ್ಟಿರುತ್ತಾರೆ. ಅದನ್ನು ಈ ಭತ್ಯೆಗೆ, 8 ಜಿ.ಬಿ. ರ‍್ಯಾಮ್‌ಗೆ, ಎಸ್‌ಎಸ್‌ಡಿಗಳಿಗೆ ತಿರುಗಿಸಿ ಎಂದು ಮುಖತಃ ಹೋಗಿ ಕೇಳಿ. ಕೇಳಿದರೆ ಬಹಳ ಮಂದಿ ಒಪ್ಪುತ್ತಾರೆ, ಕೇಳುವವರಿಲ್ಲ ಅಷ್ಟೆ. ಬೀಗ ತೆಗೆದ ಪತ್ರ, ಸುಂಕದ ಬಗೆಗಿನ ಉತ್ತರ ಮತ್ತು ಆರು ತಿಂಗಳ ಭತ್ಯೆಯ ಹಣ, ಈ ಮೂರೂ ಕೈಗೆ ಬಂದ ಮೇಲೆಯೇ ಲಾರಿಗೆ ದಿನ ಗೊತ್ತು ಮಾಡಿ.